ಗೃಹರಕ್ಷಣೆಯೂ ರೌದ್ರಧ್ಯಾನವೂ

ಅಷ್ಟಮೀ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಂಡು ಬಸದಿಯಲ್ಲಿಯೇ ರಾತ್ರಿಯನ್ನು ಕಳೆಯುವ ಶ್ರಾವಕನು ಮನೆಗೆ ಬೀಗ ಹಾಕಿ ಬರುವುದು ಸರಿಯೇ ಎಂಬ ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. ವ್ರತವನ್ನು ನಂಬಿದವನಿಗೆ ಬೀಗದ ಹಂಗೇಕೆ ಎಂಬುದು ಅವರ ವಾದ. ಕೇಳಲು ಇಂಪಾದರೂ ಈ ಮಾತು ಶಾಸ್ತ್ರಸಮ್ಮತವಲ್ಲ. ಮನೆಯೇ ಇಲ್ಲದ ಮುನಿಗಳಿಗೆ ಬೀಗದ ಮಾತಿಲ್ಲ. ಗೃಹಸ್ಥನಿಗಾದರೋ ವಿಧಿಸಿರುವುದು ಪರಿಗ್ರಹದ ಪರಿಮಾಣವೇ ಹೊರತು ಸರ್ವಪರಿಗ್ರಹತ್ಯಾಗವಲ್ಲ. ಆ ಪರಿಮಾಣದೊಳಗಿನ ಧಾನ್ಯ, ಒಡವೆ, ಪಾತ್ರೆಗಳನ್ನು ಕಾಪಾಡುವುದು ಅವನ ಕರ್ತವ್ಯ. ಅವನ್ನು ನೆಚ್ಚಿ ಮಕ್ಕಳೂ ವೃದ್ಧರೂ ಇದ್ದಾರೆ. ಅದೂ ಅಲ್ಲದೆ, ತೆರೆದಿಟ್ಟ ಬಾಗಿಲು ದುರ್ಬಲಚಿತ್ತನಾದವನನ್ನು ಪಾಪಕ್ಕೆ ಕೈಬೀಸಿ ಕರೆಯುತ್ತದೆ. ಅವನ ಪತನಕ್ಕೆ ನಿಮಿತ್ತರಾಗದಿರುವುದೂ ದಯೆಯೇ.

ಆದುದರಿಂದ ಬೀಗವನ್ನು ಹಾಕಲಿ, ಭದ್ರವಾಗಿಯೇ ಹಾಕಲಿ. ವಿಚಾರ ಮಾಡಬೇಕಾದುದು ಬೀಗ ಹಾಕಿದ ಮೇಲಿನ ಚಿತ್ತದ ಸ್ಥಿತಿಯನ್ನು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ರೌದ್ರಧ್ಯಾನಕ್ಕೆ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ಹಿಂಸೆ, ಅನೃತ, ಸ್ತೇಯ, ವಿಷಯಸಂರಕ್ಷಣೆ. ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಇದನ್ನು ಪಠಿಸುವವರೂ ಮೂರನೆಯ ಮತ್ತು ನಾಲ್ಕನೆಯ ಪದಗಳ ನೆರೆಹೊರೆಯನ್ನು ಗಮನಿಸುವುದು ವಿರಳ. ಪರರ ವಸ್ತುವನ್ನು ಹೇಗೆ ಕದಿಯಲೆಂದು ಹೊಂಚುಹಾಕುವವನ ಚಿತ್ತವನ್ನೂ, ತನ್ನ ವಸ್ತು ಎಲ್ಲಿ ಹೋದೀತೋ ಎಂದು ಒಳಗೊಳಗೇ ಕುದಿಯುವವನ ಚಿತ್ತವನ್ನೂ ಆಚಾರ್ಯರು ಒಂದೇ ಸೂತ್ರದಲ್ಲಿ ಇರಿಸಿದ್ದಾರೆ. ಈ ಧ್ಯಾನವು ಅವಿರತನಿಗೆ ಮಾತ್ರವಲ್ಲ, ಅಣುವ್ರತಗಳನ್ನು ಧರಿಸಿದ ದೇಶವಿರತನಿಗೂ ಉಂಟಾಗುತ್ತದೆಂದು ಅಲ್ಲಿಯೇ ಹೇಳಿದೆ. ವ್ರತಿಗೆ ಇದೆಂತು ಎಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿ, ಧನಾದಿಗಳ ರಕ್ಷಣೆಗೆ ಅಧೀನನಾಗಿರುವುದರಿಂದ ಅವನಿಗೂ ಒಮ್ಮೊಮ್ಮೆ ಇದು ಸಂಭವಿಸುತ್ತದೆ, ಆದರೆ ಸಮ್ಯಗ್ದರ್ಶನದ ಬಲದಿಂದ ನರಕಾದಿಗಳಿಗೆ ಕಾರಣವಾಗದು ಎಂದು ಸಮಾಧಾನ ಹೇಳಿದ್ದಾರೆ. ಒಮ್ಮೊಮ್ಮೆ ಎಂಬುದನ್ನು ನಾವು ಮರೆಯಬಾರದು.

ಈಗ ಮನೆಮನೆಗೂ ಕ್ಯಾಮೆರಾ ಬಂದಿದೆ. ಬಸದಿಯಲ್ಲಿ ಕುಳಿತೇ ಮೊಬೈಲಿನಲ್ಲಿ ಮನೆಯ ಬಾಗಿಲನ್ನು ನೋಡಬಹುದು. ದೇಶವ್ರತದಲ್ಲಿ ಇಂತಿಷ್ಟು ಕಾಲ ಈ ಎಲ್ಲೆಯನ್ನು ದಾಟೆನೆಂದು ಸಂಕಲ್ಪಿಸಿದವನು ಹೊರಗಿನವರಿಗೆ ಕೆಮ್ಮಿಯೋ ಕೂಗಿಯೋ ಸೂಚನೆ ಕೊಟ್ಟರೆ ಅದು ಶಬ್ದಾನುಪಾತ; ಮೈದೋರಿ ಸನ್ನೆ ಮಾಡಿದರೆ ರೂಪಾನುಪಾತ; ಎರಡೂ ಅತಿಚಾರಗಳೇ. ಆಚಾರ್ಯರ ಕಾಲದಲ್ಲಿ ಈ ಯಂತ್ರವಿರಲಿಲ್ಲವೆಂದು ಇದನ್ನು ಹೇಗೆ ಹೊರಗಿಡುವುದೋ ನನಗೆ ಕಾಣದು. ಸಾಮಾಯಿಕದ ನಡುವೆ ಮೂರು ಬಾರಿ ಮೊಬೈಲನ್ನು ನೋಡಿದವನ ಉದರವು ಉಪವಾಸದಲ್ಲಿದ್ದರೂ ಚಿತ್ತವು ಮನೆಯ ಬೀರುವಿನ ಮುಂದೆ ಕಾವಲು ಕುಳಿತಿರುತ್ತದೆ. ಸಂಜೆಯೇ ಚಿಲಕಗಳನ್ನು ಪರೀಕ್ಷಿಸಿ, ನಂಬಿಕೆಯ ನೆರೆಯವರಿಗೆ ತಿಳಿಸಿ, ಪಾರಣೆಯವರೆಗೆ ಆ ಮನೆಯ ಚಿಂತೆ ತನ್ನದಲ್ಲವೆಂದು ಸಂಕಲ್ಪಮಾಡಿ ಹೊರಡುವುದೇ ಲೇಸು.

ಕಾವಲಿನ ಸಾಧನಗಳಲ್ಲಿಯೂ ವಿವೇಕ ಬೇಕು. ಕಾಂಪೌಂಡು ಗೋಡೆಯ ಮೇಲೆ ನೆಟ್ಟ ಗಾಜಿನ ಚೂರುಗಳು ಕಳ್ಳನಿಗಿಂತ ಮೊದಲು ಬೆಕ್ಕು ಅಳಿಲುಗಳ ಕಾಲನ್ನು ಸೀಳುತ್ತವೆ. ಇನ್ನು ನಾಯಿ. ಅದನ್ನು ಸರಪಳಿಯಿಂದ ಬಿಗಿದು ಮನೆಮಂದಿಯೆಲ್ಲ ಬಸದಿಗೆ ಹೊರಡುತ್ತಾರೆ. ಅಂದು ಒಲೆ ಹೊತ್ತಿರುವುದಿಲ್ಲ. ಯಜಮಾನನದು ವ್ರತದ ಉಪವಾಸ, ನಾಯಿಯದು ಬರಿಯ ಹಸಿವು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಎರಡೂ ಉಪವಾಸದ ದಿನವೇ ನಮ್ಮ ಅಂಗಳದಲ್ಲಿ ನಡೆದುಹೋಗುತ್ತವೆ!

ಇಷ್ಟಾಗಿಯೂ ಕಳವಾದರೆ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಗೂಹನಾಂಗಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯನ್ನು ಹೆಸರಿಸಿದ್ದಾರೆ. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆಯಿದೆ. ಶ್ರೇಷ್ಠಿಯ ಮನೆಯ ಜಿನಾಲಯದಲ್ಲಿ ವೈಡೂರ್ಯಮಣಿಯಿತ್ತು, ಅದಕ್ಕೆ ಬಲವಾದ ಕಾವಲೂ ಇತ್ತು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಅದನ್ನು ಕದ್ದು, ಕಾವಲುಗಾರರು ಬೆನ್ನಟ್ಟಲು, ಶ್ರೇಷ್ಠಿಯನ್ನೇ ಮರೆಹೊಕ್ಕನು. ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು, ತನ್ನ ಮಾತಿನಂತೆಯೇ ಇವನು ಮಣಿಯನ್ನು ತಂದನೆಂದು ಹೇಳಿ ಭಟರನ್ನು ಕಳುಹಿಸಿ, ಬಳಿಕ ಅವನನ್ನು ಹೊರಗಟ್ಟಿದನು. ಕಾವಲಿಟ್ಟುದಕ್ಕಾಗಿ ಶ್ರೇಷ್ಠಿಯನ್ನು ಕಥೆ ನಿಂದಿಸುವುದಿಲ್ಲ. ಹಾಗೆಂದು ಪ್ರತಿಯೊಬ್ಬ ಕಳ್ಳನನ್ನೂ ಬಿಟ್ಟುಬಿಡಬೇಕೆಂದೂ ಅರ್ಥವಲ್ಲ. ಅಲ್ಲಿ ಮುಚ್ಚಿದ್ದು ಧರ್ಮಮಾರ್ಗಕ್ಕೆ ಬರಬಹುದಾಗಿದ್ದ ನಿಂದೆಯನ್ನು. ಗೃಹಸ್ಥನು ವಿರೋಧಿಹಿಂಸೆಯನ್ನು ಪೂರ್ಣವಾಗಿ ಬಿಟ್ಟವನಲ್ಲ, ಪೋಲೀಸರಿಗೆ ದೂರು ಕೊಡಲು ಅಡ್ಡಿಯಿಲ್ಲ. ಆದರೆ ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಹೊಡೆಯುವ ಗುಂಪಿನಲ್ಲಿ ವ್ರತಿಕನಿಗೆ ಸ್ಥಾನವಿಲ್ಲ. ಮನೆಗೆಲಸದವಳ ಮೇಲೆ ಬರಿಯ ಊಹೆಯಿಂದ ಬೆರಳು ತೋರಿಸುವುದೂ ಸಲ್ಲದು. ದೂರಿನಲ್ಲಿ ಎರಡು ಬಳೆ ಹೋದಲ್ಲಿ ನಾಲ್ಕೆಂದು ಬರೆಯಿಸಿದರೆ ಅದು ಕೂಟಲೇಖಕ್ರಿಯೆ. ಕಳ್ಳನು ಮುಟ್ಟದೆ ಬಿಟ್ಟಿದ್ದ ಸತ್ಯಾಣುವ್ರತವನ್ನು ಯಜಮಾನನೇ ಠಾಣೆಯಲ್ಲಿ ಕಳೆದುಕೊಂಡು ಬಂದಂತಾಯಿತು.