ರಾಗವೂ ರೋಗವೂ

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯ ಮೊದಲರ್ಧವನ್ನು ಮಕ್ಕಳಿಗೆ ಧಾರಾಳವಾಗಿ ಹೇಳುತ್ತೇವೆ. ಉಳಿದರ್ಧವನ್ನು ಕಾಯಿಲೆಯ ನೆಪ ಹೂಡುವವರಿಗೆ ಮೀಸಲಿಟ್ಟಿದ್ದೇವೆ. ಎರಡನ್ನೂ ಒಟ್ಟಿಗೆ ಓದಿದರೆ ಅದು ಅಭ್ಯಾಸದ ಹೊಗಳಿಕೆಯಾಗಿ ಉಳಿಯುವುದಿಲ್ಲ. ಮತ್ತೆ ಮತ್ತೆ ಮಾಡಿದ್ದು ಮೈಗೂಡುತ್ತದೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಮೈ ವಿಚಾರಿಸುವುದಿಲ್ಲ ಎನ್ನುತ್ತದೆ ಗಾದೆ. ಹಾಗಾದರೆ ಹಾಡು ರಾಗಕ್ಕೆ ಕೂಡಬೇಕಾದರೆ ಬಾಯಿಯ ಜೊತೆಗೆ ಇನ್ನೊಂದು ಬೇಕು. ಅದು ಕಿವಿ. ತಾನು ಹಾಡಿದ್ದನ್ನು ತಾನೇ ಕೇಳಿಸಿಕೊಂಡು, ಎಲ್ಲಿ ಜಾರಿತೆಂದು ಹಿಡಿಯಬಲ್ಲವರಿಗೆ ಮಾತ್ರ ಅಭ್ಯಾಸ ಕಲಿಕೆಯಾಗುತ್ತದೆ.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯನ್ನೇ ನೋಡಿ. ಬಿಸಿನೀರಿನಲ್ಲಿ ಬೆಂದು ಅಂಟು ಸಡಿಲವಾದ ಗೂಡಿನಿಂದ ಎಳೆಯ ತುದಿ ಸಿಗುತ್ತದೆ. ಇಷ್ಟು ಗೂಡಿನ ಎಳೆ ಸೇರಿದರೆ ಒಂದು ನೂಲು. ಈ ಲೆಕ್ಕವನ್ನು ಹೊಸಬರು ಒಂದೇ ದಿನದಲ್ಲಿ ಕಲಿತಾರು. ತೊಡಕಿರುವುದು ಬೇರೆ ಕಡೆ. ಗೂಡಿನ ಹೊರಗಿನ ಎಳೆ ದಪ್ಪ, ಒಳಕ್ಕೆ ಹೋದಂತೆಲ್ಲ ಸಣ್ಣ. ನೀರಿನಲ್ಲಿ ಕುಣಿಯುವ ಗೂಡುಗಳ ಸಂಖ್ಯೆ ಸರಿಯಿದ್ದರೂ ಎಲ್ಲವೂ ಮುಗಿಯುತ್ತ ಬಂದವಾದರೆ ನೂಲು ಸಣಕಲಾಗುತ್ತದೆ. ಪಳಗಿದ ಕಣ್ಣು ಬರೀ ಎಣಿಸುವುದಿಲ್ಲ. ಪದರ ತೆಳುವಾಗಿ ಒಳಗಿನ ಹುಳು ಮಸುಕಾಗಿ ಕಾಣಿಸುವ ಗೂಡುಗಳೆಷ್ಟು, ದುಂಡಗಿರುವವೆಷ್ಟು ಎಂದು ತೂಗಿ, ಹೊಸ ತುದಿಯನ್ನು ಕೊಡುತ್ತದೆ. ಇದನ್ನು ಸೂತ್ರವಾಗಿ ಬರೆದುಕೊಟ್ಟರೂ ಕೈಗೆ ಬಾರದು. ನೂಲು ಹತ್ತಾರು ಸಲ ಕಡಿಯಬೇಕು, ಕಡಿದಾಗಲೆಲ್ಲ ಯಾಕೆಂದು ನೋಡಬೇಕು. ಬಿಚ್ಚುವವರಿಗೆ ಕಣ್ಣೇ ಕಿವಿ.

ಇದು ಕಸುಬಿನ ಮಾತಾಯಿತು, ಹೊಸ ಯೋಚನೆ ಅಭ್ಯಾಸದಿಂದ ಬರುವುದುಂಟೇ, ಅದು ಮಿಂಚಿನ ಹಾಗೆ ತಾನಾಗಿ ಹೊಳೆಯುವುದಲ್ಲವೇ ಎಂದು ಕೇಳಬಹುದು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ್ದು 1884ರಲ್ಲಿ. ನೀರು ನಿಗದಿತ ಮಟ್ಟ ದಾಟಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚಿಕೊಳ್ಳುವ ಅವರ ಬಾಗಿಲುಗಳು ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಯಲ್ಲಿ ಕೂತದ್ದು 1903ರಲ್ಲಿ. ನಡುವೆ ಹತ್ತೊಂಬತ್ತು ವರ್ಷ. ಮಿಂಚು ಹೊಳೆದಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ನೀರಿನ ಏರಿಳಿತವನ್ನು ವರ್ಷಗಟ್ಟಲೆ ಬಲ್ಲ ತಲೆಯಲ್ಲೇ ಯಾಕೆ ಹೊಳೆಯಿತು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅದೇ ಇಲಾಖೆಯಲ್ಲಿ ಅಷ್ಟೇ ವರ್ಷ ಸವೆಸಿದವರಿಗೆಲ್ಲ ಹೊಸ ಬಾಗಿಲು ಹೊಳೆಯಲಿಲ್ಲ. ರೂಢಿ ಕಿವಿಯನ್ನೇ ಮಂದ ಮಾಡುವುದುಂಟು. ಹೌದು, ಗಾದೆಯ ‘ರೋಗ’ ಅದೇ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯ ಹೋರಾಡಿದ್ದು ಈ ಮಂದತನದ ವಿರುದ್ಧವೇ. ಭೌತವಿಜ್ಞಾನದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಗದ್ದಲ ಎಬ್ಬಿಸಿದರು. ಜನ ನೆನೆಯುವುದು ಆ ಗದ್ದಲವನ್ನು. ನನಗೆ ದೊಡ್ಡದಾಗಿ ಕಾಣುವುದು 1962ರಲ್ಲಿ ಅವರು ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ. ಅಲ್ಲಿ ವಾರ ವಾರವೂ ಒಂದು ಉಪನ್ಯಾಸ. ಪ್ರಶ್ನೆ ಕೇಳುವುದು ಸಹ ಒಂದು ದಿನದ ವೀರಾವೇಶದಿಂದ ಬರುವ ಗುಣವಲ್ಲ, ಅದನ್ನೂ ವಾರಕ್ಕೊಮ್ಮೆ ಹಾಡಿಯೇ ರಾಗಕ್ಕೆ ತರಬೇಕು ಎಂದು ಆ ಮೇಷ್ಟ್ರು ಅರಿತಿದ್ದರೆಂದು ತೋರುತ್ತದೆ.