ಕರಡಿಯ ಪಾಲು, ನಮ್ಮ ಪಾಲು

ಕಳೆದ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಹೊಸಪೇಟೆಯಿಂದ ಕಮಲಾಪುರದ ದಾರಿಯಾಗಿ ದರೋಜಿ ಕರಡಿಧಾಮಕ್ಕೆ ಹೋಗಿದ್ದೆವು. ಅಸರ್ ನಮಾಝ್ ದಾರಿಯಲ್ಲೇ ಮುಗಿಸಿ ವೀಕ್ಷಣಾ ಗೋಪುರ ಏರಿದೆವು. ಎದುರಿನ ಬಂಡೆಗುಡ್ಡದಿಂದ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿದು ಬಂದು ಬಂಡೆಯನ್ನು ನೆಕ್ಕತೊಡಗಿತು. “ಅಬ್ಬಾ, ಅದೇನು ತಿನ್ನುತ್ತಿದೆ?” ಎಂದಳು ಕಿರಿಯ ಮಗಳು. ಪ್ರವಾಸಿಗರಿಗೆ ಕಾಣಲೆಂದು ಸಿಬ್ಬಂದಿ ಬೆಲ್ಲದ ಪಾಕ ಸವರಿಡುತ್ತಾರೆ ಎಂದೆ. “ಹಾಗಾದರೆ ಅದು ತಾನಾಗಿ ಬಂದದ್ದಲ್ಲ, ನಾವು ಕರೆಸಿದ್ದು” ಎಂದಳು.

ಆ ಮಾತು ನನ್ನನ್ನು ಕಾಡುತ್ತಿದೆ. ಕಾಡನ್ನು ಕಾಪಾಡುವುದು ಯಾರಿಗಾಗಿ? ನಮ್ಮ ಕಣ್ಣಿಗಾಗಿಯೇ?

ಭೂಮಿಯಲ್ಲಿರುವುದನ್ನೆಲ್ಲ ಅಲ್ಲಾಹನು ಮಾನವನಿಗೆ ಅಧೀನಗೊಳಿಸಿದ್ದಾನೆಂಬುದು ನಮ್ಮ ವಿಶ್ವಾಸ. ಆದರೆ ಅಧೀನಗೊಳಿಸುವುದೆಂದರೆ ಮಾಲಕತ್ವ ಬರೆದುಕೊಡುವುದಲ್ಲ. ಮನೆಯ ಕೀಲಿಕೈ ಒಪ್ಪಿಸಿ ಊರಿಗೆ ಹೋದವನ ಮನೆಯ ತೊಲೆಯನ್ನೇ ಮಾರಿದರೆ ಅದನ್ನು ಬಳಕೆ ಎನ್ನುತ್ತೇವೆಯೇ? ಭೂಮಿಯ ಜೀವಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಅದೇ ಕುರ್‌ಆನ್ ಹೇಳುತ್ತದೆ. ಪ್ರವಾದಿವರ್ಯರು(ಸ) ಮದೀನಾದ ಎರಡು ಕಪ್ಪು ಕಲ್ಲುಭೂಮಿಗಳ ನಡುವಿನ ಪ್ರದೇಶವನ್ನು ಪವಿತ್ರವೆಂದು ಸಾರಿ ಅಲ್ಲಿನ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದರು. ಮಕ್ಕಾದ ಹರಮ್‌ನಲ್ಲಂತೂ ಕಾಡುಪ್ರಾಣಿಯನ್ನು ಅದು ನಿಂತ ಜಾಗದಿಂದ ಬೆದರಿಸಿ ಓಡಿಸುವುದಕ್ಕೂ ಅನುಮತಿಯಿಲ್ಲ. ಗೋಪುರದ ಮೇಲೆ ಶಿಳ್ಳೆ ಹೊಡೆಯುತ್ತಿದ್ದ ಯುವಕರನ್ನು ಕಂಡಾಗ ನನಗೆ ನೆನಪಾದದ್ದು ಅದೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬರಹ ಸುಲಭವಾಗುತ್ತಿತ್ತು. ಆದರೆ ನಮ್ಮ ಜೊತೆ ನನ್ನ ಭಾವಮೈದುನನೂ ಇದ್ದ. ಆತ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿದವನು. ಮಗಳ ಮಾತಿಗೆ ನಾನು ತಲೆದೂಗುವುದನ್ನು ಕಂಡು, “ಕರಡಿಗೆ 82 ಚದರ ಕಿಲೋಮೀಟರ್ ಕೊಟ್ಟಿದ್ದಾರೆ, ದೂಲಾಭಾಯ್. 2011ರಲ್ಲಿ ಲಾರಿ ನಿಂತಾಗ ನನ್ನ ಮಕ್ಕಳಿಗೆ ಯಾರು ಏನು ಕೊಟ್ಟರು?” ಎಂದ.

ನಾನು ಸುಮ್ಮನಾದೆ. ನನ್ನ ಮನೆಯ ಮೇಲ್ಛಾವಣಿಗೆ ಆತ ಬಡ್ಡಿಯಿಲ್ಲದೆ ಸಾಲ ಕೊಟ್ಟದ್ದು ಆ ಲಾರಿಯ ದುಡಿಮೆಯಿಂದಲೇ.

ದರೋಜಿ ಕರಡಿಧಾಮವಾದದ್ದು 1994ರಲ್ಲಿ. ಅದರ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸೆನ್ನುತ್ತಾರೆ. ಸಂಡೂರಿನ ಕಬ್ಬಿಣದ ಬೆಟ್ಟಗಳು ಅದಕ್ಕೂ ಹಳೆಯವು. ಇತ್ತ ಬೇಲಿ ಹಾಕಿ ಕಾಯುತ್ತಿದ್ದ ವರ್ಷಗಳಲ್ಲೇ ಅತ್ತ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆಯೇರಿ, ಸ್ವಾಮಿಮಲೆ ಸಾಲಿನ ಕಾಡು ಕರಗುತ್ತಿತ್ತು. ಹೊಲದ ಬೆಳೆಯ ಮೇಲೂ ಕೆಂಪು ಧೂಳು, ಒಣಹಾಕಿದ ಬಟ್ಟೆಯ ಮೇಲೂ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಘೋರ ಅಕ್ರಮ ನಡೆದ ಗುತ್ತಿಗೆಗಳನ್ನು ರದ್ದುಗೊಳಿಸಿ, ಉಳಿದವಕ್ಕೆ ಷರತ್ತು ವಿಧಿಸಿತು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದ ಪ್ರಶ್ನೆ ಮತ್ತೆ ಎದ್ದಿತು. ಒಂದು ಕಡೆ ಉದ್ಯೋಗದ ಮಾತು, ಇನ್ನೊಂದು ಕಡೆ ಉರುಳಲಿರುವ 99 ಸಾವಿರ ಮರಗಳ ಲೆಕ್ಕ.

ಲಾರಿ ಓಡಿಸಿದವನ ದುಡಿಮೆಯನ್ನು ಹರಾಮೆನ್ನಲು ನನಗೆ ನಾಲಗೆ ಏಳದು. ಬೆವರು ಅವನದ್ದೇ, ಬಾಡಿಗೆಯೂ ನ್ಯಾಯದ್ದೇ. ಆದರೆ ಹೊತ್ತ ಹೊರೆ ಯಾರದು, ಪರವಾನಗಿ ಇತ್ತೇ ಎಂದು ಅವನೂ ಕೇಳಲಿಲ್ಲ, ಸಾಲ ಪಡೆದ ನಾನೂ ಕೇಳಲಿಲ್ಲ. ಆಡಿನ ಮಾಂಸ ಕೊಳ್ಳುವಾಗ ಕೊಯ್ದವರು ಯಾರೆಂದು ವಿಚಾರಿಸುವ ನಾವು ಬೆಟ್ಟದ ವಿಷಯದಲ್ಲಿ ಅದನ್ನೇಕೆ ಮರೆತೆವು? ಹಾಗೆಂದು ಬಡವನ ಒಲೆ ಆರಿಸಿ ಕಾಡುಳಿಸಿದೆವೆಂದು ಬೀಗುವುದೂ ನ್ಯಾಯವಲ್ಲ. ಬೆಟ್ಟ ಬಗೆದು ಕೋಟಿ ಮಾಡಿಕೊಂಡವರ ಹೊಣೆಯೂ ದಿನಗೂಲಿಯವನ ಹೊಣೆಯೂ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಆದರೂ ನನ್ನ ಪಾಲು ಸೊನ್ನೆಯೆಂದು ಹೇಳಲಾರೆ.

ಪ್ರವಾದಿವರ್ಯರ(ಸ) ಜೊತೆ ಪ್ರಯಾಣದಲ್ಲಿದ್ದ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿವರ್ಯರು(ಸ) ಮರಿಗಳನ್ನು ಹಿಂದಿರುಗಿಸುವಂತೆ ಆಜ್ಞಾಪಿಸಿದರು. ಮರಿಯನ್ನೇನೋ ಹಿಂದಿಡಬಹುದು, ಬಗೆದ ಬೆಟ್ಟವನ್ನು?

ಹೊತ್ತು ಮುಳುಗುವ ಮುನ್ನ ಗೋಪುರ ಇಳಿದೆವು. ಹಿಂದಿರುಗುವಾಗ ಭಾವಮೈದುನ ಬಹಳ ಹೊತ್ತು ಮಾತಾಡಲಿಲ್ಲ. ಕಮಲಾಪುರದ ಹತ್ತಿರ ಬಂದಾಗ, “ಆ ಮರಿ ಎಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು, ನೋಡಿದಿರಾ?” ಎಂದಷ್ಟೇ ಕೇಳಿದ. ಮುಂದಿನ ರಜೆಗೆ ತಂಗಿಯ ಮಕ್ಕಳೂ ಕರಡಿ ತೋರಿಸೆಂದು ಹಟ ಹಿಡಿದಿದ್ದಾರೆ. ಇನ್ನೂ ಹೂಂ ಎಂದಿಲ್ಲ.