ಸೆರಗಿನ ಕೀಲಿಕೈ

ಆವತ್ತು ಸಂಜೆ ಆಶ್ರಯಧಾಮದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಕೈ ನಿಲ್ಲಿಸಿ ನನ್ನ ಸೆರಗನ್ನೇ ನೋಡಿದಳು. ಸೆರಗಿನ ತುದಿಗೆ ನಾನು ಕೀಲಿಕೈ ಗೊಂಚಲು ಕಟ್ಟಿಕೊಂಡಿದ್ದೆ. ಜೋಳದ ಚೀಲ ಇಡುವ ಕೋಣೆಯದು, ಹೆಣ್ಣುಮಕ್ಕಳ ಮೊಬೈಲು ತೆಗೆದಿಟ್ಟ ಕಪಾಟಿನದು, ತಲಬಾಗಿಲಿನದು.

"ನಮ್ಮತ್ತಿನೂ ಹಿಂಗ ಕೀಲಿಕೈ ಸೆರಗಿಗಿ ಕಟ್ಕೊಂಡ ಅಡ್ಡಾಡ್ತಿದ್ಳರಿ ಅಕ್ಕಾರ" ಅಂದಳು.

ದೂರುವ ದನಿಯೇನೂ ಇರಲಿಲ್ಲ. ನೆನಪಾದದ್ದನ್ನು ಹೇಳಿ, ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿದಳು. ರೊಟ್ಟಿ ಉಬ್ಬಿತು. ನಾನು ನಿಂತಲ್ಲೇ ನಿಂತೆ.

ನನ್ನೂರು ಘೋಣಸಗಿ. ತಿಕೋಟಾ ತಾಲೂಕಿನ ಹಳ್ಳಿ. 1989ರಲ್ಲಿ ಮಹಿಳಾ ಸಮಾಖ್ಯ ಕಾರ್ಯಕ್ರಮ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಶುರುವಾದಾಗ ಬೀದರ, ಮೈಸೂರುಗಳ ಜೊತೆ, ಆಗ ಬಿಜಾಪುರ ಎನ್ನುತ್ತಿದ್ದ ನಮ್ಮ ವಿಜಯಪುರವೂ ಇತ್ತು. ಕೆಲವು ವರ್ಷಗಳ ಮೇಲೆ ನಾನೂ ಅದರಲ್ಲಿ ಸಹಯೋಗಿನಿಯಾಗಿ ಸೇರಿದೆ. ಹಳ್ಳಿಯಿಂದ ಹಳ್ಳಿಗೆ ತಿರುಗಿ ಸಂಘ ಕಟ್ಟುವ ಕೆಲಸ. ಅಲ್ಲಿ ಕಲಿತ ಮೊದಲ ಪಾಠ ಇಂದಿಗೂ ಕಿವಿಯಲ್ಲಿದೆ: ಸಂಘದ ಹೆಣ್ಣುಮಕ್ಕಳು ಯಾವ ನಡಿಗೆಯಲ್ಲಿ ನಡೆಯುತ್ತಾರೋ ಅದೇ ನಡಿಗೆಯಲ್ಲಿ ನೀವೂ ನಡೆಯಬೇಕು, ಮುಂದೆ ಓಡಬಾರದು, ಹಿಂದಿನಿಂದ ದೂಡಬಾರದು. ಈ ಪಾಠ ಕಲಿತವಳೇ ಮುಂದೆ ವಿಜಯಪುರದಲ್ಲಿ, ಹೊಡೆತ ತಿಂದು ಮನೆ ಬಿಟ್ಟು ಬಂದವರಿಗೂ ಮನೆಯೇ ಇಲ್ಲದವರಿಗೂ ಆಸರೆಯಾದ ಸಣ್ಣದೊಂದು ಆಶ್ರಯಧಾಮಕ್ಕೆ ಮುಖ್ಯಸ್ಥೆಯಾದೆ. ನನಗೇ ತಿಳಿಯದಂತೆ ಅತ್ತೆಯೂ ಆದೆ.

ಕೀಲಿ ಹಾಕಿದ್ದಕ್ಕೆ ಕಾರಣಗಳಿದ್ದವು. ಫೋನು ಕೈಯಲ್ಲಿದ್ದರೆ ಗಂಡ ಅತ್ತು ಕರೆದು ಮರುಳು ಮಾಡುತ್ತಾನೆ, ಇಲ್ಲವೇ ಇರುವ ಜಾಗ ಪತ್ತೆ ಹಚ್ಚುತ್ತಾನೆ. ಜೋಳದ ಲೆಕ್ಕ ತಪ್ಪಿದರೆ ಅನುದಾನ ಕೊಟ್ಟವರಿಗೆ ಉತ್ತರ ಹೇಳಬೇಕು. ಎಲ್ಲವೂ ಅವರ ಒಳ್ಳೆಯದಕ್ಕೇ. ಆದರೆ ಆ ಹೆಣ್ಣುಮಗಳ ಅತ್ತೆಯೂ ಇದನ್ನೇ ಹೇಳಿರಬೇಕಲ್ಲವೆ? ಗಂಡ ಹೊಡೆದದ್ದೂ ಒಳ್ಳೆಯದಕ್ಕೇ ಎಂದು ಅವಳಿಗೆ ಎಷ್ಟು ಸಲ ಹೇಳಿರಬೇಡ! ಅಂದು ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಒಂದು ಪ್ರಶ್ನೆ ಎದೆಯಲ್ಲಿ ಕೂತಿತು: ಕಾಯುವವರು ಆಳದೆ ಇರಬಹುದೆ?

ಇದನ್ನು ಬರೀ ಆಡಳಿತದ ಪ್ರಶ್ನೆ ಎಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ನಾನು ಬೆಳೆದ ನೆಲದ ಧರ್ಮವೇ ಈ ಪ್ರಶ್ನೆಯ ಮೇಲೆ ನಿಂತಿದೆ. ನಮ್ಮ ಗಡಿಯಾಚೆ, ಜತ್ತ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿ ಇದ್ದಾಳೆ. ಹುಟ್ಟಿದ ಹೆಸರು ಲಿಂಗಮ್ಮ, ಉಮರಾಣಿಯ ಮಗಳು. ಬಂದವರಿಗೆಲ್ಲ ನೀಡಿ ನೀಡಿ ದಾನಮ್ಮ ಅನ್ನಿಸಿಕೊಂಡಳು. ಛಟ್ಟಿ ಅಮಾವಾಸ್ಯೆಗೆ ಜನ ನಡೆದುಕೊಂಡು ಗುಡ್ಡಾಪುರಕ್ಕೆ ಹೋಗುತ್ತಾರೆ. ನಾನು ಸಣ್ಣವಳಿದ್ದಾಗ ಅವ್ವ ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿ ಪಾದಯಾತ್ರೆಯ ದಾರಿಗೆ ಹೋಗಿ ನಿಲ್ಲುತ್ತಿದ್ದಳು. ಧೂಳು ಮೆತ್ತಿದ ಕಾಲಿನವರು ಬಂದರೆ ತಲೆ ತುಂಬ ಸೆರಗು ಹೊದ್ದು ಬಗ್ಗಿ ನಮಸ್ಕರಿಸಿ ಆಮೇಲೆ ರೊಟ್ಟಿ ಕೊಡುತ್ತಿದ್ದಳು. "ನಾವ ಕೊಡಾವ್ರು, ನಾವ್ಯಾಕ ಕಾಲ ಬೀಳಬೇಕು?" ಎಂದು ಒಮ್ಮೆ ಕೇಳಿದ್ದೆ. "ಅವ್ರ ಬರಲಿಲ್ಲಂದ್ರ ನಾವ ಯಾರಿಗಿ ಕೊಡಬೇಕಿತ್ತ ಹೇಳು" ಅಂದಳು ಅವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಅವಳು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಅದಕ್ಕಿಂತ ತಿಳಿಯಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ದಾನ ಮಾಡಿದವನಿಗೆ ಹೆಸರು ಉಳಿಯುತ್ತದೆ. ದಾಸೋಹದಲ್ಲಿ ನೀಡುವವನು ದಾಸ, ಬಂದವನೇ ಒಡೆಯ.

ಕಾನೂನು ಕೂಡ ಒಂದು ಹೆಜ್ಜೆ ಈ ದಾರಿಯಲ್ಲೇ ಇಟ್ಟಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 6ನೆಯ ಕಲಮಿನ ಪ್ರಕಾರ ನೊಂದವಳು ಆಸರೆ ಕೇಳಿದರೆ ಆಶ್ರಯಧಾಮದ ಹೊಣೆ ಹೊತ್ತವರು ಕೊಡಲೇಬೇಕು. ಮೊದಲು ವರದಿ ದಾಖಲಾಗಿಲ್ಲ ಎಂಬ ನೆಪದಲ್ಲಿ ಬಾಗಿಲು ಮುಚ್ಚುವಂತಿಲ್ಲ, ಅವಳು ಬೇಡವೆಂದರೆ ಅವಳ ಗುರುತನ್ನು ಗಂಡನ ಕಡೆಯವರಿಗೆ ತಿಳಿಸುವಂತಿಲ್ಲ ಎಂದು ನಿಯಮಗಳು ಹೇಳುತ್ತವೆ. ಒಂದು ಚಳಿಗಾಲದ ರಾತ್ರಿ ಹನ್ನೊಂದಕ್ಕೆ ಒಬ್ಬಳು ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಬಂದಳು. ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯ ವಾಸನೆ ಸೀರೆಗೆ ಹಿಡಿದಿತ್ತು. ಕೆಲಸದಿಂದ ಬಂದ ಬಟ್ಟೆಯಲ್ಲೇ ಓಡಿ ಬಂದಿದ್ದಳು. ನಮ್ಮ ಕಾವಲಿನವನು ಪೊಲೀಸರ ಚೀಟಿ ಕೇಳಿದ. ತಪ್ಪು ಅವನದಲ್ಲ, ಹಾಗೆ ಕೇಳು ಎಂದು ಕಲಿಸಿದ್ದವಳು ನಾನೇ. ಅವಳು ಚೀಟಿ ಇಲ್ಲ ಅನ್ನಲಿಲ್ಲ, ಕೂಸಿನ ಕಿವಿ ಮುಚ್ಚಿದ್ದ ಬಟ್ಟೆ ಸರಿಮಾಡಿ ಹೊರಡಲು ತಿರುಗಿದಳು. ಓಡಿಹೋಗಿ ಕೈಹಿಡಿದು ಒಳಗೆ ಕರೆತಂದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಎಂಬ ಅಂಜಿಕೆ ಇಂದಿಗೂ ಹೋಗಿಲ್ಲ.

ಹೊಸ್ತಿಲಲ್ಲಿ ಪ್ರಶ್ನೆ ಕೇಳುವ ಮಾತು ಬಂದಾಗಲೆಲ್ಲ ನನಗೆ ಉಡುತಡಿಯ ಮಹಾದೇವಿ ನೆನಪಾಗುತ್ತಾಳೆ. ಕೌಶಿಕನನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣದವರೆಗೆ ನಡೆದು ಬಂದ ಹೆಣ್ಣುಮಗಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಹಾಗಾದರೆ ನಾವು ಕೇಳುವುದರಲ್ಲಿ ತಪ್ಪೇನು ಎಂದು ವಾದಿಸಬಹುದು. ನಾನೂ ವಾದಿಸಿದ್ದೇನೆ. ಆದರೆ ಅಲ್ಲಮರು ಕೇಳಿದ್ದು ತುಂಬಿದ ಸಭೆಯಲ್ಲಿ, ಅವಳ ಅರಿವಿನ ಎತ್ತರ ಎಲ್ಲರಿಗೂ ಕಾಣಲೆಂದು. ಮಾತಿಗೆ ಮಾತು ಕೊಡುವ ಬಲ ಅವಳಿಗಿತ್ತು. ಅವರು ಕೂತ ಪೀಠಕ್ಕೆ ಶೂನ್ಯಸಿಂಹಾಸನ ಎಂದೇ ಹೆಸರು. ನಾನೆಂಬುದು ಬರಿದಾದವನಿಗಷ್ಟೇ ಆ ಜಾಗ. ರಾತ್ರಿ ಹನ್ನೊಂದಕ್ಕೆ, ಕೂಸು ಚಳಿಗೆ ನಡುಗುತ್ತಿರುವಾಗ, ಕುರ್ಚಿ ತುಂಬ ಕೂತ ನಾನು ಕೇಳುವ ಪ್ರಶ್ನೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಾಗೆಂದು ಎಲ್ಲ ಬಿಟ್ಟು ಕೈಕಟ್ಟಿ ಕೂರಲು ಬರುವುದಿಲ್ಲ. ಕುಡಿದು ಬಂದ ಗಂಡ ಗೇಟು ಒದೆಯುವಾಗ ಎದುರು ನಿಲ್ಲುವವರು ಬೇಕು. ಊರ ಹಿರಿಯರು ರಾಜಿಗೆಂದು ಬಂದು ಪಡಸಾಲೆಯಲ್ಲಿ ಕೂತು, ಅವಳನ್ನು ಹೊರಗೆ ಕಳಿಸಿರೆಂದು ಒತ್ತಾಯಿಸುವಾಗ ಇಲ್ಲ ಅನ್ನುವ ಗಂಟಲು ಬೇಕು. ಗಂಡನ ಮನೆಯಲ್ಲಿ ಇರುವ ಹಕ್ಕನ್ನು ಅದೇ ಕಾಯ್ದೆಯ 17ನೆಯ ಕಲಮು ಅವಳಿಗೆ ಕೊಟ್ಟಿದೆ, ಮನೆ ಅವಳ ಹೆಸರಿನಲ್ಲಿ ಇರಬೇಕಾಗಿಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕು. ಅಲ್ಲೆಲ್ಲ ನಾನು ಬಗ್ಗಲಿಲ್ಲ, ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ನಾನು ಎಡವಿದ್ದು ಗೇಟಿನ ಹೊರಗಿನವರಿಗೆ ತೋರಿಸಬೇಕಾದ ಮುಖವನ್ನು ಒಳಗಿನವರಿಗೂ ತೋರಿಸಿದಾಗ.

ಒಬ್ಬಳು ಮರಳಿ ಗಂಡನ ಮನೆಗೆ ಹೊರಟಳು. ಮಕ್ಕಳು ಅಲ್ಲಿದ್ದವು. ನಾನು ಬೈದೆ. ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಗಾತು ಅಂದೆ. ತಲೆ ತಗ್ಗಿಸಿಕೊಂಡು ಹೋದಳು. ಏಳು ತಿಂಗಳ ಮೇಲೆ ಬಂದಾಗ ಬಲಗೈ ಮುರಿದು, ಸರಿಯಾಗಿ ಕೂಡದೆ ಸೊಟ್ಟಗಾಗಿತ್ತು. ಮುರಿದು ಎರಡು ತಿಂಗಳಾಗಿತ್ತಂತೆ. ಆಗಲೇ ಯಾಕೆ ಬರಲಿಲ್ಲವ್ವಾ ಎಂದು ಕೇಳಿದೆ. "ನೀವ ಬೈತೀರಂತ ಬರಲಿಲ್ರಿ" ಅಂದಳು. ಆ ಕೈಯನ್ನು ಮುರಿದದ್ದು ಗಂಡ. ಎರಡು ತಿಂಗಳು ಅದು ಸೊಟ್ಟಗಾಗುತ್ತ ಉಳಿದದ್ದರಲ್ಲಿ ನನ್ನ ಮಾತಿನ ಪಾಲೂ ಇದೆ. ಹೋಗುವವಳನ್ನು ತಡೆಯುವುದು ನನ್ನ ಕೆಲಸವಾಗಿರಲಿಲ್ಲ. ಹತ್ತು ಸಲ ಹೋದರೂ ಹನ್ನೊಂದನೆಯ ಸಲ ನಾಚಿಕೆಯಿಲ್ಲದೆ ಬರುವಂಥ ಹೊಸ್ತಿಲು ಉಳಿಸುವುದು ನನ್ನ ಕೆಲಸವಾಗಿತ್ತು. ಮುಂದಾಳುತನ ಎಂದು ದೊಡ್ಡ ಸಭೆಗಳಲ್ಲಿ ಏನೇನೋ ಕೇಳಿದ್ದೇನೆ. ನನ್ನ ಮಟ್ಟಿಗೆ ಅದು ಈ ಹೊಸ್ತಿಲಿನಷ್ಟೇ ಅಗಲ.

ಇನ್ನೊಬ್ಬ ಮುದುಕಿ ಇದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಮಲಗುವವಳು. ಸಂಜೆ ನಮ್ಮ ಗೇಟಿಗೆ ಬಂದು ರೊಟ್ಟಿ ಇಸಿದುಕೊಂಡು ಹೋಗುವಳೇ ಹೊರತು ಒಳಗೆ ಮಲಗು ಅಂದರೆ ಒಲ್ಲಳು. ನಗರದ ನಿರ್ವಸತಿಗರಿಗೆ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ಒಬ್ಬೊಬ್ಬರಿಗೆ 50 ಚದರಡಿ ಎಂದು ಸರ್ಕಾರದ ಮಾರ್ಗಸೂಚಿ ಅಳತೆ ಕೊಟ್ಟಿದೆ. ಬೇಕಾದದ್ದೇ, ಇನ್ನೂ ಬೇಕು. ಆದರೆ ಆ 50 ಚದರಡಿಯಲ್ಲಿ ಮಲಗಲು ಒಲ್ಲದವಳನ್ನು ಯಾವ ಕಾಲಮಿನಲ್ಲಿ ಬರೆಯುವುದು? ರಾತ್ರಿ ಮಲಗಿದ ತಲೆಗಳನ್ನಷ್ಟೇ ನಮ್ಮ ರಿಜಿಸ್ಟರು ಎಣಿಸುತ್ತಿತ್ತು. ನಮ್ಮದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಸಾರಿದರು. ನಾವು ವರ್ಷಗಟ್ಟಲೆ ತಿರುಗಿ ಕಟ್ಟಿಸಿದ ಕಟ್ಟಡ ಸ್ಥಾವರ, ದಾನಿಗಳ ಹೆಸರಿನ ಕಲ್ಲು ಸ್ಥಾವರ, ರಿಜಿಸ್ಟರೂ ಸ್ಥಾವರವೇ. ಗೇಟಿನ ಹೊರಗೆ ಕೋಲೂರಿ ನಿಂತು ರೊಟ್ಟಿಗೆ ಸೆರಗೊಡ್ಡಿದ ಆ ಮುದುಕಿಯೇ ಜಂಗಮ. ಇಷ್ಟು ತಿಳಿದಿದ್ದೂ ಲೆಕ್ಕ ಬಿಗಿಯಾದ ಒಂದು ವರ್ಷ, ಒಳಗಿದ್ದವರಿಗಷ್ಟೇ ಅಡುಗೆ ಎಂದು ಕಟ್ಟುಮಾಡಿದ್ದೆ.

ನಮ್ಮ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಅಪ್ಪಗಳು ಕಿಸೆಯಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ನಯವಾಗಿ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಅವರ ಆಶ್ರಮಕ್ಕೂ ಜೋಳ ಬೇಕು, ಅಕ್ಕಿ ಬೇಕು, ಹಣವೂ ಬೇಕು. ಅದು ಅವರಿಗೂ ಗೊತ್ತಿತ್ತು. ಸಂಸ್ಥೆಗೆ ಕಿಸೆ ಇರಲಿ, ಅದನ್ನು ನಡೆಸುವವನ ಎದೆಯ ಮೇಲೆ ಮಾತ್ರ ಬೇಡ. ಆ ಅಂಗಿಯಿಂದ ನಾನು ಕಲಿತದ್ದು ಇಷ್ಟು. ನನ್ನ ಕಿಸೆ ಸೆರಗಿನ ತುದಿಯಲ್ಲಿ ಜೋತಾಡುತ್ತಿತ್ತು.

ರೊಟ್ಟಿ ಬಡಿಯುವವಳ ಆ ಮಾತು ಕೇಳಿದ ಮರುದಿನವೇ ಕಪಾಟು ತೆರೆದು ಫೋನುಗಳನ್ನು ಅವರವರಿಗೆ ಕೊಟ್ಟೆ. ಅಪಾಯ ಏನೆಂಬುದನ್ನು ಕೂತು ಮಾತಾಡಿದೆವು. ಇಬ್ಬರು ತಾವಾಗಿಯೇ ಸಿಮ್ ಬದಲಿಸಿದರು. ಜೋಳದ ಕೋಣೆಯ ಕೀಲಿಕೈಯನ್ನು ಅಡುಗೆಮನೆಯ ಗೋಡೆಯ ಮೊಳೆಗೆ ತೂಗುಹಾಕಿದೆ. ನಸುಕಿನಲ್ಲಿ ಯಾರು ಮೊದಲು ಏಳುತ್ತಾರೋ ಅವರು ತೆಗೆಯಲಿ ಎಂದೆ.

ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಜೋಳ ನಾಲ್ಕು ಸೇರು ಕಡಿಮೆ ಬಂತು. ನನ್ನೊಳಗಿನ ಅತ್ತೆ ಎದ್ದು ಕೂತಳು. ಕೇಳಬೇಕೆಂದು ಅಡುಗೆಮನೆಗೆ ಹೋದರೆ ಯಾರೂ ಇರಲಿಲ್ಲ. ಸಂಜೆಯ ಹೊತ್ತು. ನಾಲ್ಕೈದು ಹೆಣ್ಣುಮಕ್ಕಳು ಗೇಟಿನ ಹತ್ತಿರ ನಿಂತಿದ್ದರು. ಸೊಟ್ಟ ಕೈಯವಳೂ ಇದ್ದಳು. ಹೊರಗೆ ಆ ಮುದುಕಿ. ಬಿಸಿ ರೊಟ್ಟಿ ಎರಡು, ಮೇಲೆ ಹಿಂಡಿ, ಬಟ್ಟೆಯಲ್ಲಿ ಸುತ್ತಿ ಕಂಬಿಯ ಸಂದಿಯಿಂದ ಕೊಡುತ್ತಿದ್ದರು. ಕೊಡುವ ಮೊದಲು ಸೊಟ್ಟ ಕೈಯವಳು ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ತಗೋರಿ ಅಕ್ಕಾರ" ಅಂದಳು ಮುದುಕಿಗೆ.

ನನ್ನನ್ನು ಎಲ್ಲರೂ ಅಕ್ಕಾರ ಎಂದು ಕರೆಯುತ್ತಿದ್ದರು, ಕುರ್ಚಿಯಲ್ಲಿ ಕೂತವಳೆಂದು. ಕಲ್ಯಾಣದಲ್ಲಿ ಹಾಗಿರಲಿಲ್ಲ. ಮನೆ ಬಿಟ್ಟು, ಬರಿಗೈಯಲ್ಲಿ, ನಡೆದು ಬಂದವಳನ್ನು ಅಲ್ಲಿಯವರು ಅಕ್ಕ ಎಂದು ಕರೆದರು. ಅಂದು ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸೇರು ಜೋಳದ ಮುಂದೆ "ದಾಸೋಹ" ಎಂದು ಬರೆದೆ. ಆ ಸಾಲು ಅಲ್ಲಿ ಪ್ರತಿ ತಿಂಗಳೂ ಇದೆ.